ಯುಂಗ್‌ಫ್ರೌ, ಟಿಟ್ಲಿಸ್, ಶಾಮೊನಿ, ಆಸ್ಟ್ರಿಯಾ: ಹುಬ್ಬಳ್ಳಿ-ಧಾರವಾಡದಿಂದ ಹಿಮನದಿ ನೋಡಲು ಹೊರಟವರು ಯಾವುದನ್ನು ಆರಿಸಬೇಕು?

ರಜೆಗೆ ಆಲ್ಪ್ಸ್ ಕಡೆ ಹೋಗೋಣ ಅಂದ ಕೂಡಲೇ ನಮ್ಮೂರಿನ ಟೂರ್ ಏಜೆಂಟರೆಲ್ಲ ಹೆಚ್ಚುಕಡಿಮೆ ಒಂದೇ ಪಟ್ಟಿ ಮುಂದಿಡುತ್ತಾರೆ. ಒಂದು ದಿನ ಸ್ವಿಟ್ಜರ್ಲೆಂಡಿನ ಟಿಟ್ಲಿಸ್ ಬೆಟ್ಟ, ಮರುದಿನ ಅಲ್ಲಿಯದೇ ಯುಂಗ್‌ಫ್ರೌ ಬೆಟ್ಟದ ಪಕ್ಕದ ಯುಂಗ್‌ಫ್ರೌಯೋಖ್, ಅದರ ಮರುದಿನ ಪ್ಯಾರಿಸ್ಸಿಗೆ ಬಸ್. ಎರಡೂ ಕಡೆ ಸಿಗೋದು ಬಹುತೇಕ ಒಂದೇ. ಮೇಲೆ ಹೋಗು, ಹಿಮದಲ್ಲಿ ಫೋಟೋ ತೆಗೆಸು, ಐಸಿನ ಗುಹೆಯಲ್ಲಿ ಒಂದು ಸುತ್ತು ಹಾಕು, ಚಾಕಲೇಟ್ ತಗೋ, ಇಳಿ. ನನ್ನ ಮಾತು ಕೇಳುವುದಾದರೆ ಎರಡಕ್ಕೂ ದುಡ್ಡು ಕೊಡಬೇಡಿ. ಒಂದೇ ಜಾಗ ಆರಿಸಿ, ಅಲ್ಲೇ ನಾಲ್ಕು ರಾತ್ರಿ ಉಳಿಯಿರಿ. ಮೋಡ ಕವಿದ ದಿನ ಕೆಳಗೆ ಕೆರೆ ದಂಡೆಯಲ್ಲಿ ಅಡ್ಡಾಡಿ, ಬಾನು ತಿಳಿಯಾದ ದಿನ ಬೆಳಿಗ್ಗೆ ಮೇಲೆ ಹೋಗಿ. ಪ್ಯಾಕೇಜಿನಲ್ಲಿ ಈ ಅನುಕೂಲ ಇರುವುದಿಲ್ಲ. ಅಲ್ಲಿ ಮಂಗಳವಾರ ಅಂದರೆ ಮಂಗಳವಾರವೇ, ಮೋಡ ಇದ್ದರೂ ಮಳೆ ಇದ್ದರೂ. ಅಷ್ಟು ಖರ್ಚು ಮಾಡಿ ಮೇಲೆ ಹೋಗಿ ಬಿಳಿ ಮಂಜಿನೊಳಗೆ ನಿಂತು ಬಂದವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ.

ಸರಿ, ಯಾವ ಜಾಗ? ಅದು ಮೂರು ವಿಷಯದ ಮೇಲೆ ಹೋಗುತ್ತದೆ: ಯಾವಾಗ ಹೋಗುತ್ತೀರಿ, ಜೊತೆಗೆ ಯಾರು ಬರುತ್ತಾರೆ, ನಿಮಗೆ ಬೇಕಾದದ್ದು ಹಿಮದಲ್ಲಿ ಆಡೋದಾ ಇಲ್ಲಾ ಹಿಮನದಿ ನೋಡೋದಾ.

ಮೂರನೆಯದನ್ನು ಜನ ಯೋಚಿಸುವುದೇ ಇಲ್ಲ, ಆಮೇಲೆ ಬೇಸರ ಮಾಡಿಕೊಳ್ಳುತ್ತಾರೆ. ಮೊನ್ನೆ ಬಿದ್ದ ಹಿಮ ಬೆಳ್ಳಗಿರುತ್ತದೆ, ಮೆತ್ತಗಿರುತ್ತದೆ, ಉಂಡೆ ಕಟ್ಟಿ ಎಸೆದಾಡಬಹುದು. ಹಿಮನದಿ ಹಾಗಲ್ಲ. ನೂರಾರು ವರ್ಷ ಬಿದ್ದ ಹಿಮ ಒಂದರ ಮೇಲೊಂದು ಕೂತು, ಒತ್ತಿ, ಗಟ್ಟಿ ಐಸಾಗಿ, ತನ್ನ ಭಾರಕ್ಕೆ ತಾನೇ ಇಳಿಜಾರಿನಲ್ಲಿ ನಿಧಾನವಾಗಿ ಸರಿಯುತ್ತಿರುತ್ತದೆ. ಆಗಸ್ಟಿನಲ್ಲಿ ನೋಡಿದರೆ ಮೇಲೆಲ್ಲ ಕಲ್ಲು, ಮಣ್ಣು, ಬೂದುಬಣ್ಣ, ಅಡ್ಡಡ್ಡ ಸೀಳುಗಳು, ಸೀಳಿನೊಳಗೆ ಮಾತ್ರ ನೀಲಿ. ಫೋಟೋದಲ್ಲಿ ಕಂಡ ಬಿಳಿ ಕಾರ್ಪೆಟ್ ಹುಡುಕಿಕೊಂಡು ಹೋದವರಿಗೆ "ಇದೇನ್ರೀ, ಕಲ್ಲಿನ ಕ್ವಾರಿ ಇದ್ದಂಗ ಐತಿ" ಅನ್ನಿಸಿದರೆ ಆಶ್ಚರ್ಯ ಇಲ್ಲ. ಆದರೆ ಹಿಮನದಿಯ ನಿಜವಾದ ರೂಪ ಕಾಣೋದು ಆಗಲೇ. ಮೇ ತಿಂಗಳಲ್ಲಿ ಹೋದರೆ ಎಲ್ಲದರ ಮೇಲೂ ಚಳಿಗಾಲದ ಹಿಮ ಹೊದ್ದಿರುತ್ತದೆ, ಎಲ್ಲಿ ಹಿಮನದಿ, ಎಲ್ಲಿ ಸುಮ್ನೆ ಬೆಟ್ಟ ಅಂತ ಗೊತ್ತೇ ಆಗುವುದಿಲ್ಲ. ಫೋಟೋ ಮಾತ್ರ ಚಂದ ಬರುತ್ತದೆ.

ಮೇ ರಜೆಯಾ, ದಸರಾ ರಜೆಯಾ?

ಶಾಲೆಗೆ ಹೋಗುವ ಮಕ್ಕಳಿದ್ದರೆ ನಮಗಿರೋದು ಎರಡೇ ಕಿಟಕಿ. ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯ ತನಕ, ಇಲ್ಲವೇ ಸೆಪ್ಟೆಂಬರ್ ಕೊನೆ-ಅಕ್ಟೋಬರ್ ದಸರಾ ರಜೆ. ಎಲ್ಲರೂ ಮೇ ತಿಂಗಳಿಗೇ ಮುಗಿಬೀಳುತ್ತಾರೆ. ಆಲ್ಪ್ಸಿನಲ್ಲಿ ಅದು ಎತ್ತಲೂ ಅಲ್ಲದ ಕಾಲ. ಸ್ಕೀ ಆಡುವವರು ಹೋಗಿಯಾಗಿದೆ, ನಡೆಯುವವರು ಇನ್ನೂ ಬಂದಿಲ್ಲ. ಹಾಗಾಗಿ ಎಷ್ಟೋ ಕೇಬಲ್ ಕಾರುಗಳನ್ನು ಇದೇ ಹೊತ್ತಿನಲ್ಲಿ ರಿಪೇರಿಗೆ ನಿಲ್ಲಿಸಿರುತ್ತಾರೆ. ಅಲೆಚ್ ಹಿಮನದಿ ಮೇಲಿಂದ ಕಾಣುವ ಎಗ್ಗಿಸ್‌ಹಾರ್ನ್ ಕೇಬಲ್ ಕಾರ್ ಸಾಮಾನ್ಯವಾಗಿ ಜೂನ್ ತನಕ ಬಂದ್. ರೋನ್ ಹಿಮನದಿಯ ಪಕ್ಕದಲ್ಲೇ ಹಾದು ಹೋಗುವ ಫುರ್ಕಾ ಘಾಟಿ 2,429 ಮೀಟರ್ ಎತ್ತರದ್ದು, ಅಲ್ಲೂ ಹಿಮ ಸರಿಸಿ ರಸ್ತೆ ಬಿಡುವ ಹೊತ್ತಿಗೆ ಜೂನ್ ಆಗುತ್ತದೆ.

ಮೇ ತಿಂಗಳೇ ಗತಿ ಅನ್ನುವವರು ವರ್ಷವಿಡೀ ನಡೆಯುವ ಯುಂಗ್‌ಫ್ರೌಯೋಖ್ ಅಥವಾ ಟಿಟ್ಲಿಸ್ ಹಿಡಿಯಿರಿ. ಮಕ್ಕಳಿಗೆ ಬೇಕಾದ ಹಿಮವೂ ಸಿಗುತ್ತದೆ, ಹಿಮ ಕರಗುವ ಕಾಲ ಆದ್ದರಿಂದ ಲೌಟರ್‌ಬ್ರುನೆನ್ ಕಣಿವೆಯ ಜಲಪಾತಗಳೂ ತುಂಬಿ ಧುಮುಕುತ್ತಿರುತ್ತವೆ. ದಸರಾ ರಜೆಗೆ ಹೋಗಬಲ್ಲವರು ಹೆಚ್ಚು ಅದೃಷ್ಟವಂತರು ಅಂತ ನಾನು ಹೇಳುತ್ತೇನೆ. ಗದ್ದಲ ಕಡಿಮೆ, ಗಾಳಿ ತಿಳಿ, ಹಿಮನದಿ ಬರಿಮೈಯಲ್ಲಿ ಕಾಣುತ್ತದೆ, ಕೆಳಗಿನ ಲಾರ್ಚ್ ಮರಗಳು ಅಕ್ಟೋಬರಿನಲ್ಲಿ ಹಳದಿ ತಿರುಗಿರುತ್ತವೆ. ಒಂದೇ ಎಚ್ಚರಿಕೆ: ಅಕ್ಟೋಬರ್ ಮಧ್ಯದ ನಂತರ ಒಂದೊಂದೇ ಕೇಬಲ್ ಕಾರ್ ನಿಲ್ಲಲು ಶುರುವಾಗುತ್ತದೆ, ನವೆಂಬರಿನಲ್ಲಿ ಟಿಟ್ಲಿಸ್ ಕೂಡ ಕೆಲ ದಿನ ಬಂದ್ ಇರುತ್ತದೆ. ವಿಮಾನದ ಟಿಕೆಟ್ ತೆಗೆಯುವ ಮೊದಲೇ ಆಯಾ ಕೇಬಲ್ ಕಾರಿನ ವೇಳಾಪಟ್ಟಿ ನೋಡಿಕೊಳ್ಳಿ. ನಂತರ ಅಲ್ಲ, ಮೊದಲೇ.

ಅಲೆಚ್: ಒಂದೇ ಹಿಮನದಿ, ಎರಡು ಬಾಗಿಲು

ಆಲ್ಪ್ಸಿನ ಅತಿ ಉದ್ದದ ಹಿಮನದಿ ಇದು. ಸುಮಾರು 20 ಕಿಲೋಮೀಟರ್. ಹುಬ್ಬಳ್ಳಿಯಲ್ಲಿ ಚಿಗರಿ ಬಸ್ ಹತ್ತಿ ಧಾರವಾಡದಲ್ಲಿ ಇಳಿಯುವ ತನಕ ಎರಡೂ ಕಡೆ ಬರೀ ಐಸೇ ಅಂತ ಅಂದುಕೊಳ್ಳಿ, ಅಷ್ಟು. ನಡುವೆ ಕೆಲವು ಕಡೆ ಅದರ ಆಳ 800 ಮೀಟರ್ ತನಕ ಇದೆ. 2001ರಲ್ಲಿ ಇದೂ ಸುತ್ತಲಿನ ಬೆಟ್ಟಗಳೂ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು.

ಇದರ ತಲೆಯ ಕಡೆಯಿಂದ ನೋಡೋದೇ ಯುಂಗ್‌ಫ್ರೌಯೋಖ್. 3,454 ಮೀಟರ್ ಎತ್ತರದಲ್ಲಿ ರೈಲ್ವೆ ಸ್ಟೇಷನ್, ಯೂರೋಪಿನಲ್ಲೇ ಅತಿ ಎತ್ತರದ್ದು. ಐಗರ್, ಮೋಂಖ್ ಬೆಟ್ಟಗಳ ಹೊಟ್ಟೆ ಕೊರೆದು ಹಾಕಿದ ಈ ಹಳಿಯ ಕೆಲಸ 1896ರಲ್ಲಿ ಶುರುವಾಗಿ 1912ಕ್ಕೆ ಮುಗಿಯಿತು. ಸುಮಾರು ಒಂಬತ್ತು ಕಿಲೋಮೀಟರ್ ಹಳಿಯಲ್ಲಿ ಏಳು ಸುರಂಗದೊಳಗೇ ಇದೆ. ಹಾಗಾಗಿ ರೈಲಿನ ಕಿಟಕಿಯಿಂದ ನೋಟ ಸಿಗುತ್ತದೆ ಅಂತ ಸೀಟಿಗೆ ಜಗಳ ಆಡಬೇಡಿ, ಕತ್ತಲೆ ಬಿಟ್ಟರೆ ಏನೂ ಕಾಣುವುದಿಲ್ಲ. 2020ರ ಡಿಸೆಂಬರಿನಿಂದ ಕೆಳಗಿನ ಗ್ರಿಂಡೆಲ್‌ವಾಲ್ಡ್ ಊರಿನ ಕಡೆಯಿಂದ ಐಗರ್ ಎಕ್ಸ್‌ಪ್ರೆಸ್ ಅನ್ನುವ ಕೇಬಲ್ ಕಾರ್ ಇದೆ. ಹದಿನೈದು ನಿಮಿಷದಲ್ಲಿ ಐಗರ್‌ಗ್ಲೆಚರ್ ನಿಲ್ದಾಣ ತಲುಪಿಸುತ್ತದೆ, ಅಲ್ಲಿಂದ ಸುರಂಗದ ರೈಲು. ಟಿಕೆಟ್ ಮಾತ್ರ ಬಲು ದುಬಾರಿ. ಕೆಳಗಿನ ಇಂಟರ್‌ಲಾಕನ್ ಊರಿನಿಂದ ಹೋಗಿಬರಲು ಬೇಸಿಗೆಯಲ್ಲಿ ಒಬ್ಬರಿಗೆ 200 ಫ್ರಾಂಕ್ ದಾಟುತ್ತದೆ, ಒಂದು ಫ್ರಾಂಕ್ ಅಂದರೆ ನೂರು ರೂಪಾಯಿಗೂ ಮೇಲೆ. ಲೆಕ್ಕ ನೀವೇ ಹಾಕಿ.

ಅದಕ್ಕಿಂತ ಮುಖ್ಯ ಉಸಿರಿನ ವಿಷಯ. ನಾವು ಇರೋದು 700 ಮೀಟರಿನ ಆಸುಪಾಸಿನಲ್ಲಿ. ಯುಂಗ್‌ಫ್ರೌಯೋಖಿನಷ್ಟು ಮೇಲೆ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡು ಭಾಗ ಮಾತ್ರ, ಅದೂ ಗ್ರಿಂಡೆಲ್‌ವಾಲ್ಡಿನಿಂದ ಮುಕ್ಕಾಲು ಗಂಟೆಯಲ್ಲಿ ಹತ್ತಿಬಿಡುತ್ತೀರಿ. ಮೈ ಒಗ್ಗಲು ಸಮಯವೇ ಸಿಗುವುದಿಲ್ಲ. ಮೇಲಿನ ಕಾರಿಡಾರಿನಲ್ಲಿ ನಮ್ಮ ದೇಶದ ಅಜ್ಜಿಯರು ಶಾಲು ಹೊದ್ದು ಬೆಂಚಿನ ಮೇಲೆ ಕೂತು, ಒಂದು ಕೈಯಲ್ಲಿ ಗೋಡೆಯ ಕಂಬಿ ಹಿಡಿದು, "ನೀವು ಹೋಗಿ ಬರ್ರಿ, ನಾ ಇಲ್ಲೇ ಇರ್ತೀನಿ" ಅನ್ನುವುದನ್ನು ನೋಡಿದ್ದೇನೆ. ಮೊಮ್ಮಕ್ಕಳು ಹೊರಗೆ ಹಿಮದಲ್ಲಿ ಕಿರುಚಾಡುತ್ತಿರುತ್ತಾರೆ, ಅಜ್ಜಿಗೆ ಕಾಣೋದು ಎದುರಿನ ಗಿಫ್ಟ್ ಅಂಗಡಿಯ ಬೆಳಕು. ಹೃದಯದ ತೊಂದರೆ, ಆಸ್ತಮಾ, ಬಿಪಿ ಇರುವವರು ಹೊರಡುವ ಮೊದಲೇ ಡಾಕ್ಟರನ್ನು ಕೇಳಿ. ಮೇಲೆ ಓಡಬೇಡಿ, ಮೆಟ್ಟಿಲು ನಿಧಾನ ಹತ್ತಿ, ನೀರು ಕುಡಿಯುತ್ತಿರಿ, ತಲೆ ತಿರುಗಿದರೆ ಮುಂದಿನ ರೈಲಿಗೇ ಇಳಿಯಿರಿ.

ಅದೇ ಹಿಮನದಿಗೆ ದಕ್ಷಿಣದಲ್ಲಿ, ವಾಲೆ ಪ್ರಾಂತದ ಕಡೆಯಿಂದ ಇನ್ನೊಂದು ಬಾಗಿಲಿದೆ. ನಮ್ಮವರು ಆ ಕಡೆ ಹೋಗುವುದು ಬಹಳ ಕಡಿಮೆ, ನನ್ನ ಮತ ಮಾತ್ರ ಅದಕ್ಕೇ. ಬ್ರಿಗ್ ತನಕ ದೊಡ್ಡ ರೈಲು, ಅಲ್ಲಿಂದ ಸಣ್ಣ ಕೆಂಪು ರೈಲಿನಲ್ಲಿ ಬೆಟೆನ್ ಅಥವಾ ಫೀಶ್, ಆಮೇಲೆ ಕೇಬಲ್ ಕಾರು. ಬೆಟ್ಮರ್‌ಆಲ್ಪ್, ರೀಡರ್‌ಆಲ್ಪ್ ಅನ್ನುವ ಹಳ್ಳಿಗಳಿಗೆ ಕಾರೇ ಹೋಗುವುದಿಲ್ಲ, ನಿಮ್ಮ ಸೂಟ್‌ಕೇಸೂ ಕೇಬಲ್ ಕಾರಿನಲ್ಲೇ ಬರಬೇಕು. ಮೇಲೆ ಬೆಟ್ಮರ್‌ಹಾರ್ನ್ 2,647 ಮೀಟರ್, ಎಗ್ಗಿಸ್‌ಹಾರ್ನ್ ನಿಲ್ದಾಣ 2,869 ಮೀಟರ್. ಯುಂಗ್‌ಫ್ರೌಯೋಖಿಗಿಂತ ಸುಮಾರು ಆರುನೂರು ಮೀಟರ್ ಕೆಳಗೆ, ವಯಸ್ಸಾದವರಿಗೆ ಆ ವ್ಯತ್ಯಾಸ ಸಣ್ಣದಲ್ಲ. ಟಿಕೆಟ್ ಅರ್ಧಕ್ಕಿಂತ ಕಡಿಮೆ. ಅಷ್ಟಾಗಿ ನೋಟ ಇಲ್ಲಿಯೇ ಚೆನ್ನ. ಯುಂಗ್‌ಫ್ರೌಯೋಖಿನಲ್ಲಿ ನೀವು ಹಿಮನದಿಯ ಹುಟ್ಟಿನ ಜಾಗದಲ್ಲಿ ನಿಂತಿರುತ್ತೀರಿ, ಎದುರಿಗೆ ಬಿಳಿ ಬಯಲು. ಎಗ್ಗಿಸ್‌ಹಾರ್ನ್‌ನಲ್ಲಿ ಅದು ನಿಮ್ಮ ಕಾಲ ಕೆಳಗೆ ಉದ್ದಕ್ಕೂ ಬಾಗಿ ಹರಿಯುವುದು ಕಾಣುತ್ತದೆ. ನಡುವೆ ಉದ್ದುದ್ದ ಎರಡು ಕಪ್ಪು ಪಟ್ಟಿಗಳು. ಮೇಲೆ ಮೂರು ಹಿಮನದಿಗಳು ಕೂಡುವಾಗ ಅವುಗಳ ಅಂಚಿನ ಕಲ್ಲು ನಡುವೆ ಸಿಕ್ಕಿಬಿದ್ದು ಬಂದ ಗೆರೆಗಳು ಅವು. ಗಾಳಿ ನಿಂತಾಗ ಕೆಳಗೆಲ್ಲೋ ನೀರು ಹರಿಯುವ ಸದ್ದೂ ಕೇಳುತ್ತದೆ.

ಫೀಶ್ ಕಡೆಯ ಜನರದ್ದು ಒಂದು ಕಥೆ ಇದೆ, ನಮ್ಮವರಿಗೆ ಚೆನ್ನಾಗಿ ಅರ್ಥ ಆಗುವಂಥದ್ದು. ಹಿಮನದಿ ಬೆಳೆದು ಬಂದು, ಅದರ ಪಕ್ಕದ ಕೆರೆ ಒಡೆದು ಊರಿಗೆ ನುಗ್ಗಬಾರದು ಅಂತ 1678ರಲ್ಲಿ ಅವರು ಹರಕೆ ಹೊತ್ತಿದ್ದರು. ಇತ್ತೀಚೆಗೆ ಹಿಮನದಿ ಕರಗಿ ಹಿಂದೆ ಸರಿಯುವುದು ಕಂಡು, ಈಗ ಬೆಳೆಯಲಿ ಅಂತ ಬೇಡಿಕೊಳ್ಳಬಹುದಾ ಅಂತ ಪೋಪರ ಅನುಮತಿ ಕೇಳಿ, ಪಡೆದು, ಪ್ರಾರ್ಥನೆಯನ್ನೇ ತಿರುಗಿಸಿದರು.

ಕೊರತೆ ಅಂದರೆ, ಈ ಕಡೆ ಗದ್ದಲ ಗಮ್ಮತ್ತು ಇಲ್ಲ. ಯುಂಗ್‌ಫ್ರೌಯೋಖಿನಲ್ಲಿ ಇಂಡಿಯನ್ ಊಟ ಸಿಗುತ್ತದೆ, ಇಂಟರ್‌ಲಾಕನ್‌ನಲ್ಲಂತೂ ಹೆಜ್ಜೆಗೊಂದು ಹೋಟೆಲ್. ಬೆಟ್ಮರ್‌ಆಲ್ಪ್‌ನಲ್ಲಿ ಸಂಜೆ ಆರಕ್ಕೆ ಊರೇ ಮಲಗಿದ ಹಾಗೆ ಇರುತ್ತದೆ. ಹದಿಹರೆಯದ ಮಕ್ಕಳು ಮುಖ ಊದಿಸಿಕೊಂಡರೆ ನನ್ನನ್ನು ಬೈಯಬೇಡಿ.

ಟಿಟ್ಲಿಸ್, ಜೆರ್ಮಾಟ್

ಟಿಟ್ಲಿಸ್ ಸುಲಭದ ಆಯ್ಕೆ, ಅಷ್ಟೇ. ಲುಸರ್ನ್‌ನಿಂದ ಮುಕ್ಕಾಲು ಗಂಟೆಯ ರೈಲು ಎಂಗೆಲ್‌ಬರ್ಗ್‌ಗೆ, ಅಲ್ಲಿಂದ ಕೇಬಲ್ ಕಾರ್, ಕೊನೆಗೆ ಹತ್ತುವಾಗ ತಾನೇ ಸುತ್ತುವ ಡಬ್ಬಿ. 3,020 ಮೀಟರ್ ಮೇಲೆ ತೂಗುಸೇತುವೆ ಇದೆ, ಹಿಮ ಇದೆ, ಟ್ಯೂಬಿನಲ್ಲಿ ಕೂತು ಜಾರುವ ಆಟ ಇದೆ. ಸಣ್ಣ ಮಕ್ಕಳಿಗೆ ಸ್ವರ್ಗ. ಹಿಮನದಿ ಅಂತ ನೋಡಲು ಹೋದರೆ ಮಾತ್ರ ಉಳಿದಿರೋದು ಸ್ವಲ್ಪ, ಬೇಸಿಗೆಯಲ್ಲಿ ಅದರ ಮೇಲೆ ಬಿಳಿ ಹೊದಿಕೆ ಹೊದಿಸಿ ಕಾಪಾಡುತ್ತಾರೆ. ಮಕ್ಕಳು ಐದಾರು ವರ್ಷದವರು, ಸಮಯ ಕಡಿಮೆ, ಒಂದೇ ದಿನ ಇದೆ ಅಂದರೆ ಕಣ್ಣುಮುಚ್ಚಿ ಟಿಟ್ಲಿಸ್ಸಿಗೆ ಹೋಗಿ.

ಸ್ವಿಟ್ಜರ್ಲೆಂಡಿನದೇ ಇನ್ನೊಂದು ಊರು ಜೆರ್ಮಾಟ್‌ನಲ್ಲಿ ಜನ ನೋಡಲು ಹೋಗೋದು 4,478 ಮೀಟರಿನ ಮ್ಯಾಟರ್‌ಹಾರ್ನ್ ಬೆಟ್ಟವನ್ನು. ಹಿಮನದಿ ಅದರ ಜೊತೆಗೆ ಸಿಗುತ್ತದೆ. 1898ರಿಂದ ಓಡುತ್ತಿರುವ ಗೋರ್ನರ್‌ಗ್ರಾಟ್ ಹಲ್ಲುಹಳಿ ರೈಲು (ಹಳಿಯ ನಡುವಿನ ಹಲ್ಲು ಕಚ್ಚಿ ಕಡಿದಾದ ಏರು ಹತ್ತುವಂಥದ್ದು) ಅರ್ಧ ಗಂಟೆ ಚಿಲ್ಲರೆಯಲ್ಲಿ 3,089 ಮೀಟರಿಗೆ ಒಯ್ಯುತ್ತದೆ, ಇದು ಬಯಲಲ್ಲೇ ಹೋಗುವ ರೈಲು, ಕಿಟಕಿ ಸೀಟಿಗೆ ಜಗಳ ಆಡಿದರೂ ತಪ್ಪಿಲ್ಲ. ರೂಮಿನ ಬಾಡಿಗೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಹೊಸದಾಗಿ ಮದುವೆಯಾದವರಿಗೆ, ಕೈಯಲ್ಲಿ ದುಡ್ಡಿದ್ದವರಿಗೆ ಚಂದ.

ಶಾಮೊನಿ

ಫ್ರಾನ್ಸಿನ ಶಾಮೊನಿ ನಮ್ಮ ಏಜೆಂಟರ ಪಟ್ಟಿಯಲ್ಲಿ ಅಪರೂಪ. ಜಿನೀವಾ ಏರ್‌ಪೋರ್ಟಿನಿಂದ ಬಸ್ಸಿನಲ್ಲಿ ಒಂದೂವರೆ ಗಂಟೆಯೊಳಗಿನ ದಾರಿ, ಊರು 1,035 ಮೀಟರ್ ಎತ್ತರದಲ್ಲಿ. 1924ರ ಮೊದಲ ಚಳಿಗಾಲದ ಒಲಿಂಪಿಕ್ಸ್ ನಡೆದದ್ದು ಇಲ್ಲೇ. ಯೂರೋ ಇರುವ ದೇಶ ಆದ್ದರಿಂದ ಊಟ, ವಸತಿ ಸ್ವಿಸ್ ಬೆಲೆಗಿಂತ ಹಗುರ.

ಇಲ್ಲಿ ಎರಡು ಆಯ್ಕೆ. ಒಂದು, ಎಗ್ವಿ ದು ಮಿದಿ ಅನ್ನುವ ಶಿಖರ. 3,777 ಮೀಟರಿಗೆ ಕೇಬಲ್ ಕಾರು ಸುಮಾರು ಇಪ್ಪತ್ತು ನಿಮಿಷದಲ್ಲಿ ಎತ್ತಿಬಿಡುತ್ತದೆ, ಆಲ್ಪ್ಸಿನ ಅತಿ ಎತ್ತರದ ಬೆಟ್ಟ ಮೋಂ ಬ್ಲಾಂ ಎದುರಿಗೇ ನಿಂತಿರುತ್ತದೆ. ಎದೆಗಾರಿಕೆ ಇದ್ದವರಿಗೆ ಇದಕ್ಕಿಂತ ದೊಡ್ಡ ನೋಟ ಈ ಪಟ್ಟಿಯಲ್ಲೇ ಇಲ್ಲ. ಆದರೆ ಉಸಿರಿನ ಬಗ್ಗೆ ಯುಂಗ್‌ಫ್ರೌಯೋಖಿಗೆ ಹೇಳಿದ್ದೆಲ್ಲ ಇಲ್ಲಿಗೆ ದುಪ್ಪಟ್ಟು ಅನ್ವಯ. ಮೂರು ವರ್ಷದೊಳಗಿನ ಮಕ್ಕಳನ್ನು ಬಿಡುವುದೇ ಇಲ್ಲ.

ಇನ್ನೊಂದು, ಮೇರ್ ದ ಗ್ಲಾಸ್ ಹಿಮನದಿ. ಊರಿನಿಂದ ಕೆಂಪು ಹಲ್ಲುಹಳಿ ರೈಲು ಕಾಡಿನ ನಡುವೆ ಏರಿ ಮೊಂತಾವೇರ್ ಅನ್ನುವಲ್ಲಿ ಬಿಡುತ್ತದೆ, ಬರೀ 1,913 ಮೀಟರ್. ಉಸಿರಿನ ಚಿಂತೆ ಇಲ್ಲ, ಟಿಕೆಟ್ ಸುಮಾರು 40 ಯೂರೋ. ಇಳಿದು ಕಟ್ಟೆಯ ಹತ್ತಿರ ಹೋದರೆ ಹಿಮನದಿ ಎಲ್ಲಿದೆ ಅಂತ ಹುಡುಕಬೇಕಾಗುತ್ತದೆ. ಕೆಳಗೆ, ಬಹಳ ಕೆಳಗೆ. ಇಳಿಯುವ ದಾರಿಯಲ್ಲಿ ಬಂಡೆಗೆ ಸಣ್ಣ ಫಲಕಗಳನ್ನು ಬಡಿದಿದ್ದಾರೆ, ಇಂಥ ವರ್ಷ ಐಸ್ ಇಲ್ಲಿಯ ತನಕ ಇತ್ತು ಅಂತ. 1990 ಅನ್ನುವ ಫಲಕದ ಎದುರು ನಿಂತು ಕೆಳಗೆ ನೋಡಿದರೆ ಇನ್ನೂ ಎಷ್ಟೋ ಇಳಿಯಬೇಕು. ನನ್ನ ವಯಸ್ಸಿನವರಿಗೆ ಅದು ನಿನ್ನೆ ಮೊನ್ನೆಯ ಇಸವಿ ಅಲ್ವಾ? ಹಳೆಯ ಕೇಬಲ್ ಕಾರ್ ಹಿಂದೆ ಐಸಿನ ಹತ್ತಿರಕ್ಕೇ ಇಳಿಸುತ್ತಿತ್ತು, ವರ್ಷ ವರ್ಷ ಐಸ್ ತಗ್ಗಿದಂತೆ ಮೆಟ್ಟಿಲು ಸೇರಿಸುತ್ತಾ ಸೇರಿಸುತ್ತಾ 500 ದಾಟಿತು. 2024ರಲ್ಲಿ ಹೊಸ ಕೇಬಲ್ ಕಾರನ್ನು ಇನ್ನೂ ಮೇಲ್ಭಾಗದಲ್ಲಿ ಹಾಕಿದ್ದಾರೆ, ಈಗ ಮಂಡಿನೋವಿನವರೂ ಹೋಗಬಹುದು. ಶರತ್ಕಾಲದಲ್ಲಿ ಕೆಲವು ವಾರ ಇದೂ ಬಂದ್ ಇರುತ್ತದೆ, ದಸರಾ ರಜೆಯವರು ತಾರೀಕು ನೋಡಿಕೊಳ್ಳಿ.

ಹಿಮನದಿ ಏನಾಗುತ್ತಿದೆ ಅಂತ ಮಕ್ಕಳಿಗೆ ತೋರಿಸಬೇಕು ಅನ್ನುವವರಿಗೆ ನಾನು ಹೇಳುವ ಜಾಗ ಇದೇ. ಸ್ವಿಟ್ಜರ್ಲೆಂಡಿನ ಹಿಮನದಿಗಳು 2022 ಮತ್ತು 2023, ಈ ಎರಡೇ ವರ್ಷಗಳಲ್ಲಿ ತಮ್ಮ ಗಾತ್ರದ ಸುಮಾರು 10 ಪ್ರತಿಶತ ಕಳೆದುಕೊಂಡವು ಅಂತ ಪುಸ್ತಕದಲ್ಲಿ ಓದೋದು ಬೇರೆ, ಆ ಫಲಕಗಳ ಪಕ್ಕ ಇಳಿದು ನೋಡೋದು ಬೇರೆ.

ಆಸ್ಟ್ರಿಯಾ, ಕಾರಿನಲ್ಲಿ ಹೋಗುವವರಿಗೆ

ನಾಲ್ಕೈದು ಜನ ಇದ್ದೀರಿ, ಒಬ್ಬರಿಗೆ ಬಲಗಡೆ ಡ್ರೈವಿಂಗ್ ಧೈರ್ಯ ಇದೆ ಅಂದರೆ ದುಡ್ಡಿನ ಲೆಕ್ಕದಲ್ಲಿ ಇದಕ್ಕೆ ಸರಿಸಾಟಿ ಇಲ್ಲ. ಬೆಂಗಳೂರಿನಿಂದ ಮ್ಯೂನಿಕ್‌ಗೆ ನೇರ ವಿಮಾನ ಇದೆ, ಅಲ್ಲಿ ಬಾಡಿಗೆ ಕಾರು ತಗೊಂಡರೆ ಅರ್ಧ ದಿನದೊಳಗೆ ಗ್ರೋಸ್‌ಗ್ಲಾಕ್ನರ್ ರಸ್ತೆಯ ಬುಡಕ್ಕೆ ಬರಬಹುದು. 1935ರಲ್ಲಿ ತೆರೆದ ರಸ್ತೆ, 48 ಕಿಲೋಮೀಟರ್, 36 ಹೇರ್‌ಪಿನ್ ತಿರುವು. ಟೋಲ್ 40 ಯೂರೋ ಮೇಲಿದೆ, ಆದರೆ ಅದು ಕಾರಿಗೆ, ತಲೆಗೆ ಅಲ್ಲ. ಐದು ಜನಕ್ಕೆ ಹಂಚಿದರೆ ಯುಂಗ್‌ಫ್ರೌಯೋಖಿನ ಮೇಲೆ ಒಂದು ಕಾಫಿ ಕುಡಿದಷ್ಟು. 2,369 ಮೀಟರ್ ಎತ್ತರದ ಕೈಸರ್-ಫ್ರಾಂಜ್-ಯೋಸೆಫ್ಸ್-ಹೋಯೆ ತನಕ ಕಾರೇ ಹೋಗುತ್ತದೆ, ಅಜ್ಜ ಅಜ್ಜಿ ಬಾಗಿಲು ತೆರೆದು ಇಳಿದರೆ ಎದುರಿಗೇ ಪಾಸ್ಟರ್ಟ್ಸೆ, ಆಸ್ಟ್ರಿಯಾದ ಅತಿ ಉದ್ದದ ಹಿಮನದಿ, ಅದರ ಮೇಲೆ 3,798 ಮೀಟರಿನ ಗ್ರೋಸ್‌ಗ್ಲಾಕ್ನರ್. ಇದೂ ಬೇಗ ಕುಗ್ಗುತ್ತಿದೆ, 2022-23ರ ಒಂದೇ ವರ್ಷದಲ್ಲಿ ಇದರ ತುದಿ 200 ಮೀಟರಿಗೂ ಜಾಸ್ತಿ ಹಿಂದೆ ಸರಿಯಿತು. ರಸ್ತೆ ತೆರೆದಿರೋದು ಸುಮಾರು ಮೇ ಮೊದಲ ವಾರದಿಂದ ನವೆಂಬರ್ ಮೊದಲ ವಾರದ ತನಕ, ಹಾಗಾಗಿ ನಮ್ಮ ಎರಡೂ ರಜೆಗೆ ಹೊಂದುತ್ತದೆ. ಆರ್‌ಟಿಓದಲ್ಲಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಂಡು ಹೋಗಿ. ಅಲ್ಲಿಯ ಹೆದ್ದಾರಿಗೆ ಬೇರೆ ಟೋಲ್ ಕಟ್ಟಿರಬೇಕು, ಕಾರಿಗೆ ಅದನ್ನು ಕಟ್ಟಿದೆಯಾ ಅಂತ ಬಾಡಿಗೆಯವರನ್ನು ಕೇಳಿ.

ಕಾಶ್ಮೀರದ ಸೋನಮಾರ್ಗ್‌ನಲ್ಲೂ ಥಾಜಿವಾಸ್ ಹಿಮನದಿ ಇದೆ, ಕುದುರೆಯ ಮೇಲೆ ಹೋಗಿಬರಬಹುದು. ವೀಸಾ ಬೇಡ, ಖರ್ಚು ಕಾಲುಭಾಗವೂ ಆಗೋದಿಲ್ಲ. ಬರೀ ಹಿಮದಲ್ಲಿ ಆಡಬೇಕು ಅಂತ ಆಲ್ಪ್ಸಿಗೆ ಹೊರಟವರು ಒಮ್ಮೆ ಇದನ್ನು ಯೋಚಿಸಿ ಅಂತ ಹೇಳಿದೆ, ಅಷ್ಟೇ.

ವೀಸಾ, ಪಾಸು, ರೊಟ್ಟಿ

ಪಾಸ್‌ಪೋರ್ಟ್ ಹುಬ್ಬಳ್ಳಿಯಲ್ಲೇ ಆಗುತ್ತದೆ, ಷೆಂಗೆನ್ ವೀಸಾಕ್ಕೆ ಬೆರಳಚ್ಚು ಕೊಡಲು ಮಾತ್ರ ಬೆಂಗಳೂರಿಗೆ ಹೋಗಬೇಕು. ಸ್ವಿಟ್ಜರ್ಲೆಂಡ್, ಫ್ರಾನ್ಸ್, ಆಸ್ಟ್ರಿಯಾ ಮೂರೂ ದೇಶಕ್ಕೆ ಈ ಒಂದೇ ವೀಸಾ ನಡೆಯುತ್ತದೆ. ಎಲ್ಲಿ ಜಾಸ್ತಿ ರಾತ್ರಿ ಉಳಿಯುತ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕು, ಅಪಾಯಿಂಟ್‌ಮೆಂಟ್ ಬೇಗ ಸಿಕ್ಕಿತು ಅಂತ ಬೇರೆ ದೇಶಕ್ಕೆ ಹಾಕಬಾರದು. ದೊಡ್ಡವರಿಗೆ 90 ಯೂರೋ, 6ರಿಂದ 12 ವರ್ಷದೊಳಗಿನವರಿಗೆ 45. ಕನಿಷ್ಠ 30,000 ಯೂರೋ ವಿಮೆ ಕಡ್ಡಾಯ. ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ಮೇ ತಿಂಗಳಿಗೆ ಹೋಗುವವರು ಮಾರ್ಚ್ ತನಕ ಕಾಯುತ್ತಾ ಕೂತರೆ ಅಪಾಯಿಂಟ್‌ಮೆಂಟೇ ಸಿಗೋದಿಲ್ಲ. ವಿಮಾನಕ್ಕೆ ಬೆಂಗಳೂರೇ ಆಗಬೇಕು ಅಂತ ಇಲ್ಲ, ಮುಂಬೈಯಿಂದ ಜ್ಯೂರಿಕ್‌ಗೆ ನೇರ ವಿಮಾನ ಇದೆ, ನಮಗೆ ಎರಡೂ ಒಂದು ರಾತ್ರಿಯ ದಾರಿ.

ಸ್ವಿಟ್ಜರ್ಲೆಂಡಿನಲ್ಲಿ ಎಲ್ಲರೂ ರೈಲು, ಬಸ್ಸು, ದೋಣಿಗೆಲ್ಲ ನಡೆಯುವ ಸ್ವಿಸ್ ಟ್ರಾವೆಲ್ ಪಾಸ್ ತಗೊಳ್ಳಿ ಅನ್ನುತ್ತಾರೆ. ದಿನಕ್ಕೊಂದು ಊರು ಸುತ್ತುವವರಿಗೆ ಅದು ಸರಿ, ಆದರೆ ಯುಂಗ್‌ಫ್ರೌಯೋಖಿನ ಕೊನೆಯ ದುಬಾರಿ ಭಾಗಕ್ಕೆ ಅದರಲ್ಲಿ ಸಿಗೋದು 25 ಪ್ರತಿಶತ ರಿಯಾಯಿತಿ ಮಾತ್ರ. ಟಿಟ್ಲಿಸ್, ಗೋರ್ನರ್‌ಗ್ರಾಟ್‌ಗೆ 50. ಒಂದೇ ಊರಿನಲ್ಲಿ ಉಳಿಯುವವರಿಗೆ ಟಿಕೆಟ್ ಅರ್ಧ ಬೆಲೆಗೆ ಕೊಡಿಸುವ ಹಾಫ್ ಫೇರ್ ಕಾರ್ಡ್ ಸಾಕಾಗಬಹುದು, ಎರಡನ್ನೂ ಕಾಗದದ ಮೇಲೆ ಕೂಡಿಸಿ ನೋಡಿ. ಪಾಸ್ ಇದ್ದವರ ಜೊತೆ 6ರಿಂದ 15 ವರ್ಷದ ಮಕ್ಕಳು ಫ್ಯಾಮಿಲಿ ಕಾರ್ಡಿನಲ್ಲಿ ಪುಕ್ಕಟೆ, ಇದನ್ನು ಕೇಳಿಯೇ ಪಡೆಯಬೇಕು.

ಹೋಟೆಲಿಗಿಂತ ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಹಿಡಿಯಿರಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಅವಲಕ್ಕಿ ಒಯ್ದರೆ ಮಧ್ಯಾಹ್ನದ ಊಟ ಬೆಟ್ಟದ ಮೇಲೇ ಆಗುತ್ತದೆ. ರೊಟ್ಟಿಯನ್ನು ಸ್ಟೀಲ್ ಡಬ್ಬಿಗೆ ಹಾಕಿ, ಚೀಲಕ್ಕೆ ಹಾಕಿದರೆ ವಿಮಾನದಲ್ಲಿ ಪುಡಿಪುಡಿ. ಹೊರಗಿನ ದೇಶದಿಂದ ಮಾಂಸ, ಹಾಲಿನ ಪದಾರ್ಥ ಒಯ್ಯುವಂತಿಲ್ಲ ಅಂತ ಅಲ್ಲಿ ನಿಯಮ ಇದೆ, ತುಪ್ಪ, ಪನೀರ್ ಮನೆಯಲ್ಲೇ ಬಿಡಿ. ಪೇಡಾ ಕೂಡ ಖೋವಾದ್ದೇ, ಕಸ್ಟಮ್ಸಿನವರ ಜೊತೆ ವಾದ ಮಾಡುವ ಬದಲು ಧಾರವಾಡದಲ್ಲೇ ತಿಂದು ಹೊರಡಿ. ಮೊಸರು, ಹಾಲು, ಅಕ್ಕಿ, ಬೇಳೆ ಅಲ್ಲಿಯ ಕೋಆಪ್, ಮಿಗ್ರೋಸ್ ಅಂಗಡಿಗಳಲ್ಲಿ ಸಿಗುತ್ತದೆ. ನಲ್ಲಿ ನೀರೇ ಕುಡಿಯಬಹುದು, ಬಾಟಲಿಗೆ ದುಡ್ಡು ದಂಡ.

ಜುಲೈ ಆದರೂ ಮೇಲೆ ಸೊನ್ನೆಯ ಆಸುಪಾಸು ಚಳಿ. ಒಂದು ದಪ್ಪ ಜಾಕೆಟ್ಟಿಗಿಂತ ಒಂದರ ಮೇಲೊಂದು ಮೂರು ತೆಳು ಬಟ್ಟೆ ವಾಸಿ. ತಂಪು ಕನ್ನಡಕ, ಸನ್‌ಸ್ಕ್ರೀನ್ ಮರೆಯಬೇಡಿ, ಹಿಮದ ಮೇಲಿನ ಬಿಸಿಲು ಕಣ್ಣು ಕುಕ್ಕುತ್ತದೆ, ಮೂಗು ಸುಲಿಯುತ್ತದೆ. ಗೈಡ್, ಹಗ್ಗ ಇಲ್ಲದೆ ಹಿಮನದಿಯ ಮೇಲೆ ಕಾಲಿಡಬೇಡಿ, ಹಗ್ಗ ಕಟ್ಟಿದ ಬೇಲಿ ದಾಟಿ ಸೆಲ್ಫಿಗೆ ಹೋಗಬೇಡಿ. ಮೇಲೆ ಹಿಮ ಮುಚ್ಚಿದ ಸೀಳು ಕಣ್ಣಿಗೆ ಕಾಣುವುದೇ ಇಲ್ಲ. 2022ರ ಜುಲೈ 3ರಂದು ಇಟಲಿಯ ಮಾರ್ಮೊಲಾಡದಲ್ಲಿ ಹಿಮನದಿಯ ತುಂಡೇ ಕಳಚಿ ಬಿದ್ದು 11 ಜನ ಸತ್ತರು. 2025ರ ಮೇ 28ರಂದು ಸ್ವಿಟ್ಜರ್ಲೆಂಡಿನ ಬ್ಲಾಟನ್ ಹಳ್ಳಿ ಹಿಮನದಿ ಕುಸಿದು ಬಹುಪಾಲು ಮುಚ್ಚಿಹೋಯಿತು, ಜನರನ್ನು ಮೊದಲೇ ಖಾಲಿ ಮಾಡಿಸಿದ್ದರಿಂದ ದೊಡ್ಡ ಸಾವುನೋವು ತಪ್ಪಿತು. ದಾರಿ ಮುಚ್ಚಿದೆ ಅಂತ ಬೋರ್ಡ್ ಹಾಕಿದ್ದರೆ ವಾಪಸ್ ಬನ್ನಿ.

ಮೇಲೆ ಹೋಗುವ ದಿನ ಬೆಳಿಗ್ಗೆ ಎದ್ದ ಕೂಡಲೇ ಫೋನಿನಲ್ಲಿ ಆ ಬೆಟ್ಟದ ಲೈವ್ ಕ್ಯಾಮೆರಾ ನೋಡಿ. ಯುಂಗ್‌ಫ್ರೌಯೋಖ್, ಟಿಟ್ಲಿಸ್, ಎಗ್ಗಿಸ್‌ಹಾರ್ನ್, ಎಗ್ವಿ ದು ಮಿದಿ, ಎಲ್ಲಕ್ಕೂ ಇದೆ, ಪುಕ್ಕಟೆ. ಬೆಟ್ಟ ಕಂಡರೆ ಮಾತ್ರ ಟಿಕೆಟ್ ತೆಗೆಯಿರಿ, ತೆಗೆದ ಮೇಲೆ ಮೊದಲ ರೈಲಿಗೇ ಹೋಗಿ, ಮಧ್ಯಾಹ್ನದ ಹೊತ್ತಿಗೆ ಮೋಡ ಏಳೋದು ಜಾಸ್ತಿ. ಭಾನುವಾರ ಅಲ್ಲಿ ಬಹಳಷ್ಟು ಅಂಗಡಿ ಬಾಗಿಲು ಹಾಕಿರುತ್ತವೆ, ಹಾಲು ಮೊಸರು ಶನಿವಾರವೇ ತಂದಿಟ್ಟುಕೊಳ್ಳಿ.